ನೀಲಿ ಲಾರಿಯ ಹರಕೆ

ಬಡಗಿಯ ಅಂಟು ಮರವಜ್ರ ಕುದಿಯುವ ವಾಸನೆ ಒಮ್ಮೆ ಮೂಗಿಗೆ ಹತ್ತಿತೆಂದರೆ ಜನ್ಮದಲ್ಲಿ ಬಿಡುವುದಿಲ್ಲ. ಹಸಿ ತೊಗಲು, ಸುಟ್ಟ ಕೊಂಬು, ತಳ ಹಿಡಿದ ಪಾತ್ರೆ, ಮೂರೂ ಸೇರಿದಂಥ ವಾಸನೆ. ಭಾಮಾ ಅದನ್ನು ಮೊದಲು ಮೂಸಿದ್ದು ತಾರಮಂಗಲಂನಲ್ಲಿ. ಅವಳ ತಂದೆ ಅಲ್ಲಿ ಶಾಲಾ ಮೇಷ್ಟರು. ಶಾಲೆಯ ದಾರಿಯಲ್ಲಿ ಅಣ್ಣಾಮಲೈ ಆಚಾರಿಯ ಮರಗೆಲಸದ ಕೊಟ್ಟಿಗೆಯಿತ್ತು. ಮೂರು ಕಲ್ಲಿನ ಒಲೆಯ ಮೇಲೆ ತಗಡಿನ ಡಬ್ಬದಲ್ಲಿ ಆ ಅಂಟು ಸದಾ ಕೊತಕೊತ ಕುದಿಯುತ್ತಿತ್ತು. ತೊಗಲು ಬೇಯಿಸಿ ತೆಗೆದದ್ದೆಂದು ಅಜ್ಜಿಗೆ ಗೊತ್ತಿದ್ದರಿಂದ, ಲಂಗಕ್ಕೆ ಆ ವಾಸನೆ ಹತ್ತಿಸಿಕೊಂಡು ಬಂದ ದಿನ ಮೊಮ್ಮಗಳಿಗೆ ಬಾವಿಕಟ್ಟೆಯಲ್ಲೇ ತಣ್ಣೀರಿನ ಸ್ನಾನ. ಆದರೂ ಅವಳು ನಿಂತು ನೋಡುವುದನ್ನು ಬಿಡಲಿಲ್ಲ. ಈ ಸ್ನಾನದ ಸುದ್ದಿ ಹೇಗೋ ಆಚಾರಿಯ ಕಿವಿಗೆ ಬಿದ್ದಿರಬೇಕು. ಒಂದು ದಿನ ಅವನು ಯಾರಿಗೂ ಏನೂ ಹೇಳದೆ, ಹೊಗೆ ಹುಡುಗಿಯ ಕಡೆಗೆ ಬೀಸದ ಹಾಗೆ ಒಲೆಯನ್ನೇ ಗೋಡೆಯ ಆಚೆ ಬದಿಗೆ ಸರಿಸಿಬಿಟ್ಟಿದ್ದ.

ಆ ವಾಸನೆಗೆ ಆಗ ಒಂದು ಅರ್ಥವಿತ್ತು. ಅಂಟು ಕುದಿಯಿತೆಂದರೆ ಯಾರದೋ ಮನೆಗೆ ಕಪಾಟು ಆಗುತ್ತಿದೆ, ಯಾರದೋ ಮಗುವಿಗೆ ತೊಟ್ಟಿಲು ಆಗುತ್ತಿದೆ. ಇವತ್ತು ಅಂಟಿಸಿದ್ದು ನಾಳೆ ಒಂದು ಮನೆಯೊಳಗೆ ಹೋಗಿ ಭಾರ ಹೊರುತ್ತಿತ್ತು.

ಈಗ ಎಪ್ಪತ್ತನಾಲ್ಕನೇ ಇಸವಿಯಲ್ಲಿ ಅದೇ ವಾಸನೆ ಸೇಲಂನ ಮರವನೇರಿಯಲ್ಲಿ, ಅವಳದೇ ಮನೆಯ ಹಿಂದಿನ ಜಗಲಿಯಿಂದ ಬರುತ್ತಿತ್ತು. ಬತ್ತಿ ಸ್ಟೌವಿನ ಮುಂದೆ ಕುಕ್ಕರಗಾಲಲ್ಲಿ ಕೂತು ಕಡ್ಡಿಯಲ್ಲಿ ಕಲಕುತ್ತಿದ್ದವನು ಆಚಾರಿಯಲ್ಲ, ಅವಳ ಗಂಡ ಹಯಗ್ರೀವ. ವಿಮೆ ಕಂಪನಿಯ ಸರ್ವೆಯರು, ಸಂಧ್ಯಾವಂದನೆ ತಪ್ಪಿಸದವನು, ತಲೆಗೂದಲು ಅರ್ಧ ನೆರೆತವನು. ಅಡುಗೆಮನೆಯ ಹೊಸ್ತಿಲು ದಾಟುವ ಮೊದಲು ಸ್ನಾನ ಎಂಬ ಅಜ್ಜಿಯ ಕಾಯಿದೆಯನ್ನು ಭಾಮಾ ಮತ್ತೆ ಜಾರಿಗೆ ತಂದಿದ್ದಳು. ಅವನು ಚಕಾರವೆತ್ತದೆ ಸಂಜೆಗೆ ಎರಡು ಸಲ ಮೀಯುತ್ತಿದ್ದ. ಅಂಟು ಬಿಡಿ ಎಂದರೆ ಮಾತ್ರ ಕಿವಿ ಕೇಳುತ್ತಿರಲಿಲ್ಲ.

ಇಷ್ಟೆಲ್ಲ ಯಾತಕ್ಕೆಂದರೆ, ಒಂದು ಲಾರಿಗೆ. ಮೊಳಕ್ಕಿಂತ ತುಸು ಉದ್ದದ ಲಾರಿ. ನಿಜವಾದ ಲಾರಿಯ ಒಂದು ಅಡಿಗೆ ಇದರಲ್ಲಿ ಒಂದು ಅಂಗುಲ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇಲ್ಲ. ಹಗಲೆಲ್ಲ ಹಯಗ್ರೀವ ಶಂಕಗಿರಿಯ ಶೆಡ್ಡುಗಳಲ್ಲಿ, ಕಣಿವೆಯ ತಿರುವುಗಳಲ್ಲಿ ನಜ್ಜುಗುಜ್ಜಾದ ಲಾರಿಗಳನ್ನು ನೋಡಿ ಎಷ್ಟು ಹಾಳಾಗಿದೆ ಎಂದು ಬರೆಯುತ್ತಿದ್ದ. ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಮತ್ತೆ ಲಾರಿಯ ಮುಂದೆಯೇ ಕೂರುತ್ತಿದ್ದ. ಭಾಮಾಗೆ ಇದಕ್ಕಿಂತ ದಡ್ಡ ಹವ್ಯಾಸ ಊಹಿಸಲು ಆಗುತ್ತಿರಲಿಲ್ಲ. ದಿನವಿಡೀ ಹಿಟ್ಟು ರುಬ್ಬಿದವಳು ಸಂಜೆ ಬೇಸರ ಕಳೆಯಲು ಪುಟ್ಟದೊಂದು ಒರಳಿನಲ್ಲಿ ಹಿಟ್ಟು ರುಬ್ಬುತ್ತಾಳೆಯೇ?

ಆ ಲಾರಿಯ ಬಾಗಿಲು ಅಂಗೈಯಷ್ಟಿತ್ತು. ಮುಚ್ಚಿದರೆ ಟಕ್ಕೆಂದು ಕೂರುತ್ತಿತ್ತು. ಆ ಟಕ್ ಸದ್ದಿಗಾಗಿ ಅವನು ಒಂದಿಡೀ ಬೇಸಿಗೆ ಕಳೆದಿದ್ದ. ಅದೇ ಮನೆಯ ಬಚ್ಚಲು ಬಾಗಿಲಿನ ಚಿಲಕ ಮುರಿದು ವರ್ಷಗಳಾಗಿದ್ದವು. ಒಳಗೆ ಹೋದವರು ಬಾಗಿಲಿಗೆ ಕಟ್ಟಿದ ಹುರಿಯನ್ನು ಎಡಗೈಯಲ್ಲಿ ಎಳೆದು ಹಿಡಿದುಕೊಂಡೇ ಬಲಗೈಯಲ್ಲಿ ನೀರು ಹೊಯ್ದುಕೊಳ್ಳಬೇಕು. ಹೇಳಿದರೆ, ಮುಂದಿನ ಭಾನುವಾರ ಎನ್ನುತ್ತಿದ್ದ.

ಭಾನುವಾರ ಬಂದರೆ ಅವನಂಥವರೇ ಇನ್ನಿಬ್ಬರು ಬರುತ್ತಿದ್ದರು. ಒಬ್ಬ ಕುಪ್ಪುಸ್ವಾಮಿ, ರೈಲ್ವೆಯಿಂದ ನಿವೃತ್ತನಾದವನು. ಬದುಕೆಲ್ಲ ಹೊಗೆ ಕುಡಿದದ್ದು ಸಾಲದೆಂದು ಹಿತ್ತಾಳೆ ತಗಡಿನಲ್ಲಿ ಇಂಜಿನ್ ಮಾಡುತ್ತಿದ್ದ. ಇನ್ನೊಬ್ಬ ವ್ಯಾಸರಾಜ, ಬ್ಯಾಂಕಿನ ಅಧಿಕಾರಿ. ಮೇಟೂರಿನಲ್ಲಿ ಹರಿಗೋಲು ಹತ್ತಿದರೂ ವಾಂತಿ ಮಾಡಿಕೊಳ್ಳುವ ಈ ಮನುಷ್ಯ ಮೂರು ಹಾಯಿಪಟದ ಹಡಗು ಕಟ್ಟುತ್ತಿದ್ದ. ಮೂವರೂ ಮುಂದಿನ ಕೋಣೆಯ ಮೇಜಿನ ಸುತ್ತ ತಲೆ ತಗ್ಗಿಸಿ ಕೂತರೆ ಶ್ರಾದ್ಧದ ಮನೆಯಷ್ಟು ಗಂಭೀರ. ಒಂದು ಬೆಳಿಗ್ಗೆಯೆಲ್ಲ ಅವರು ಲಾರಿಯ ಹಿಂದಿನ ಹಲಗೆಗೆ ನಾಲ್ಕು ಬೋಲ್ಟೋ ಐದೋ ಎಂದು ವಾದಿಸಿದ್ದನ್ನು ಭಾಮಾ ಕಾಫಿ ಕೊಡುವಾಗ ಕೇಳಿಸಿಕೊಂಡಿದ್ದಳು. ಗಣಿತದಲ್ಲಿ ಬಿ.ಎ. ಮಾಡಿದವಳು ಅವಳು. ನಾಲ್ಕಕ್ಕೂ ಐದಕ್ಕೂ ಇರುವ ವ್ಯತ್ಯಾಸಕ್ಕೆ ಇಷ್ಟು ಅವಮಾನವಾದದ್ದನ್ನು ಹಿಂದೆ ಕಂಡಿರಲಿಲ್ಲ.

ಒಮ್ಮೆ ಅವಳು ನೇರವಾಗಿಯೇ ಕೇಳಿದ್ದಳು, ಇದರಲ್ಲಿ ನಿಮಗೆ ಸಿಗುವುದಾದರೂ ಏನು ಎಂದು. ವ್ಯಾಸರಾಜ ತಾಳ್ಮೆ, ಏಕಾಗ್ರತೆ ಎಂದೇನೋ ಉಪನ್ಯಾಸ ಶುರು ಮಾಡಿದ. ಕುಪ್ಪುಸ್ವಾಮಿ ತಮಿಳಿನಲ್ಲಿ ಒಂದೇ ಮಾತು ಹೇಳಿದ. ದೊಡ್ಡ ಇಂಜಿನ್ ಒಂದು ದಿನವೂ ತನ್ನ ಮಾತು ಕೇಳಲಿಲ್ಲವಂತೆ, ಇದು ಕೇಳುತ್ತದಂತೆ. ಹಯಗ್ರೀವ ಉಪ್ಪುಕಾಗದದಿಂದ ಚಕ್ರ ಉಜ್ಜುತ್ತಲೇ ಇದ್ದ. ಮಾತು ಕೇಳುವ ವಸ್ತು ಬೇಕಾಗಿದ್ದರೆ ನಾಯಿ ಸಾಕಬಹುದಿತ್ತು, ಅದಾದರೂ ಮನೆ ಕಾಯುತ್ತಿತ್ತು ಎಂದುಕೊಂಡು ಭಾಮಾ ಲೋಟ ಎತ್ತಿಕೊಳ್ಳಲು ಹೋದರೆ ಕುಪ್ಪುಸ್ವಾಮಿಯ ಲೋಟ ಅಲ್ಲಿರಲಿಲ್ಲ. ಅವನು ಎಂದಿನಂತೆ ಅದನ್ನು ತಾನೇ ನಲ್ಲಿಯಲ್ಲಿ ತೊಳೆದು ಬೋರಲು ಹಾಕಿ ಬಂದಿದ್ದ. ಅಷ್ಟು ಮರ್ಯಾದಸ್ಥ ಈ ಗುಂಪಿನಲ್ಲಿ ಏಕಿದ್ದಾನೋ ಎಂದು ಅವಳಿಗೆ ಮರುಕವಾಯಿತು.

ಬೆಣ್ಣೆಯ ಮುನಿಲಕ್ಷ್ಮಮ್ಮ ಆ ಲಾರಿಯನ್ನು ನೋಡಿದ್ದು ತಮಿಳರ ಆನಿ ತಿಂಗಳ ಒಂದು ಬೆಳಿಗ್ಗೆ. ಪಾಪಿರೆಡ್ಡಿಪಟ್ಟಿಯ ಕಡೆಯ ಕುರಿ ಸಾಕುವ ಮನೆತನದವಳು ಅವಳು. ಕನ್ನಡದವಳಾದ್ದರಿಂದ ಸಂತೆಗೆ ಬಂದಾಗಲೆಲ್ಲ, ನಮ್ಮ ಮಾತಾಡೋರ ಮನೆ ಎಂದು ಭಾಮಾಳ ಹಿತ್ತಲಿಗೆ ತಪ್ಪದೆ ಬರುತ್ತಿದ್ದಳು. ಬೆಣ್ಣೆ ತೂಗಿಯಾದ ಮೇಲೆ ಎಲೆಯ ಅಂಚಿನಲ್ಲಿ ಒಂದು ಗೋಲಿಯಷ್ಟು ಹೆಚ್ಚಿಗೆ ಅಂಟಿಸಿಟ್ಟು, ಅದು ತನಗೆ ಕಂಡೇ ಇಲ್ಲವೆಂಬಂತೆ ಬೇರೆ ಕಡೆ ನೋಡುವವಳು. ಮಗ ಬೈರಪ್ಪ ಶಂಕಗಿರಿಯ ಯಜಮಾನನೊಬ್ಬನ ಲಾರಿ ಓಡಿಸುತ್ತಿದ್ದ. ಆ ದಿನ ಹಿತ್ತಲನ್ನು ಸಗಣಿ ಹಾಕಿ ಸಾರಿಸಿತ್ತು, ಇನ್ನೂ ಒಣಗಿರಲಿಲ್ಲ. ಹಾಗಾಗಿ ಭಾಮಾ ಅವಳನ್ನು ಮುಂದಿನ ಕೋಣೆಯಲ್ಲೇ ಕೂರಿಸಿದಳು.

ತಕ್ಕಡಿ ತೆಗೆಯುತ್ತಿದ್ದ ಮುನಿಲಕ್ಷ್ಮಮ್ಮನ ಕೈ ಅಲ್ಲೇ ನಿಂತಿತು. ಮೇಜಿನ ಮೇಲೆ ನೀಲಿ ಬಣ್ಣದ ಲಾರಿ. ಹಣೆಯ ಮೇಲೆ ಗರಿ ಬಿಚ್ಚಿದ ನವಿಲು, ಮುಂದುಗಡೆ ಕಟ್ಟಿದ ಕರಿ ದಾರ, ಸಾಸಿವೆಯಷ್ಟು ದಪ್ಪದ ನಿಂಬೆಹಣ್ಣು. ಅವಳು ಎದ್ದು ಹತ್ತಿರ ಹೋಗಿ ನೋಡಿದಳು. ಮುಟ್ಟಲಿಲ್ಲ. ನಿಧಾನವಾಗಿ ಎರಡೂ ಕೈ ಜೋಡಿಸಿದಳು.

"ಅಮ್ಮಾ, ಇದು ನಮ್ ಬೈರನ ವಂಡಿ. ನವ್ಲು ನೋಡಿ, ಅದೇ ನವ್ಲು. ಇದ್ನ ಸಾಮಿ ಮಾಡ್ತಾ ಅವ್ರಾ? ಅರ್ಕೆಗಾ?"

ಅವಳ ಊರಿನಲ್ಲಿ ಸಣ್ಣ ವಸ್ತುವೆಂದರೆ ಅದು ಹರಕೆಯದೇ. ಮಗು ಬೇಕಾದವರು ಪುಟ್ಟ ತೊಟ್ಟಿಲು ಮಾಡಿಸಿ ಮರಕ್ಕೆ ಕಟ್ಟುತ್ತಾರೆ. ಕಾಲು ನೋವಿನವರು ಮಣ್ಣಿನ ಕಾಲು ಕೊಡುತ್ತಾರೆ. ಮನೆ ಕಟ್ಟಬೇಕೆನ್ನುವವರು ಅಂಗೈಯಗಲದ ಮನೆ ಇಡುತ್ತಾರೆ. ದೊಡ್ಡದನ್ನು ದೇವರ ಕೈಗೆ ಕೊಡಲಾಗುವುದಿಲ್ಲ, ಆದ್ದರಿಂದ ಸಣ್ಣದು ಮಾಡಿ ಕೊಡುವುದು. ಬೇರೆ ಯಾವ ಕಾರಣಕ್ಕೂ ಬೆಳೆದ ಮನುಷ್ಯ ಸಣ್ಣ ವಸ್ತು ಮಾಡಿದ್ದನ್ನು ಅವಳು ಕಂಡಿರಲಿಲ್ಲ.

ಇದನ್ನು ಭಾಮಾ ಬಲ್ಲಳು. ಬಲ್ಲಳಾದರೂ ಆ ಬೆಳಿಗ್ಗೆ ಬಚ್ಚಲಿನ ಹುರಿ ಕಿತ್ತು ಕೈಗೆ ಬಂದಿತ್ತು, ಮೇಜಿನ ತುಂಬ ಮರದ ಪುಡಿ ಬಿದ್ದಿತ್ತು, ನಾಲಿಗೆಯ ಮೇಲೆ ವರ್ಷಗಳ ತಾತ್ಸಾರ ಸಿದ್ಧವಾಗಿ ಕೂತಿತ್ತು.

"ಹೂಂ ಕಣಮ್ಮ, ಹರಕೆನೇ," ಎಂದಳು. "ಇಲ್ದಿದ್ರೆ ಬುದ್ಧಿ ನೆಟ್ಟಗಿರೋ ಗಂಡಸು ಮೂರು ವರ್ಷ ಇದರ ಮುಂದೆ ಕೂತಿರ್ತಾನಾ?"

ಮುನಿಲಕ್ಷ್ಮಮ್ಮ ನಗಲಿಲ್ಲ. ಮೂರು ವರ್ಷವಾ ಎಂದು ಮೆಲ್ಲಗೆ ಕೇಳಿದಳು. ಮೂರು ವರ್ಷದ ಹಿಂದೆ ಬೈರ ಕೈಗೆ ಕಟ್ಟು ಹಾಕಿಕೊಂಡು ಬಂದಿದ್ದ, ಗೋಣಿಮೂಟೆ ಬಿತ್ತು ಅಂದಿದ್ದ ಎಂದಳು. ಅವನ ಲಾರಿ ಮಂಜವಾಡಿ ಕಣಿವೆಯಲ್ಲಿ ಗೋಡೆಗೆ ಗುದ್ದಿದ್ದೂ, ಹಯಗ್ರೀವ ಅದನ್ನು ಸರ್ವೆ ಮಾಡಲು ಹೋಗಿ ಅಳತೆ ತೆಗೆದುಕೊಂಡು ಬಂದದ್ದೂ ಭಾಮಾಗೆ ಗೊತ್ತಿತ್ತು. ತಾಯಿಗೆ ಗೊತ್ತಿರಲಿಲ್ಲವೆಂಬುದು ಮಾತ್ರ ಈಗಷ್ಟೇ ಗೊತ್ತಾಯಿತು. ತಾನು ಚೇಷ್ಟೆಗೆ ಅಂದದ್ದೆಂದು ಭಾಮಾ ಹೇಳಹೊರಟಳು, ಮಾತು ತಡವಾಯಿತು. ಅಷ್ಟರಲ್ಲಿ ಮುನಿಲಕ್ಷ್ಮಮ್ಮ ಎಲ್ಲವನ್ನೂ ಜೋಡಿಸಿಬಿಟ್ಟಿದ್ದಳು. ಬಿದ್ದದ್ದು ಮೂಟೆಯಲ್ಲ, ಗುದ್ದಿದ್ದು ಲಾರಿ, ಮಗ ಕಣಿವೆಯಲ್ಲಿ ಬದುಕಿಕೊಂಡ. ಕಣಿವೆಯ ದೇವರು ಮುನಿಯಪ್ಪನಿಗೆ ಲಾರಿ ಕೊಡುತ್ತೇನೆಂದು ಹರಕೆ ಹೊತ್ತುಕೊಂಡ. ಸಾಮಿಯ ಕೈಲಿ ಮಾಡಿಸಲು ಕೊಟ್ಟ. ತಾಯಿಗೆ ಹೆದರಿ ಹೇಳಲಿಲ್ಲ. ಮೂರು ವರ್ಷದಿಂದ ದೇವರ ವಸ್ತು ಮನುಷ್ಯರ ಮನೆಯಲ್ಲಿ ಕೂತಿದೆ, ಮಗ ವಾರಕ್ಕೆರಡು ಸಲ ಅದೇ ಕಣಿವೆ ದಾಟುತ್ತಿದ್ದಾನೆ.

ಭಾಮಾ ಆಮೇಲೆ ಎಷ್ಟು ಹೇಳಿದರೂ ಅವಳು ತಲೆಯಾಡಿಸಿದಳೇ ಹೊರತು ನಂಬಲಿಲ್ಲ. ಸಾಮಿಗೆ ದೋಷ ಬರಬಾರದೆಂದು ಅಮ್ಮ ಮುಚ್ಚಿಡುತ್ತಿದ್ದಾರೆ ಎಂದೇ ಅವಳಿಗೆ ತೋರಿತು. ಎಲೆಯ ಅಂಚಿಗೆ ಆ ದಿನವೂ ಗೋಲಿಯಷ್ಟು ಬೆಣ್ಣೆ ಅಂಟಿಸಿ ಹೊರಟಳು.

"ಅದು ಮುನಿಯಪ್ಪನ ತಾವ ಸೇರೋ ತನ್ಕ ನಾನು ರಾಗಿ ಇಟ್ಟು ಉಣ್ಣಲ್ಲ ಅಮ್ಮಾ. ಮಜ್ಗೆ ಕುಡ್ಕಂಡು ಇರ್ತೀನಿ. ಸಾಮಿಗೆ ಏಳಿ."

ಸಂಜೆ ಹೇಳಿದಾಗ ಹಯಗ್ರೀವ ನಕ್ಕ. ಹಳ್ಳಿಯವಳು, ಎರಡು ದಿನ ಹಸಿದರೆ ತಾನೇ ಉಣ್ಣುತ್ತಾಳೆ ಎಂದ. ಆದರೆ ಮುಂದಿನ ವಾರ ಬಂದವನು ಬೈರಪ್ಪ. ಎತ್ತರದ ಹುಡುಗ, ಖಾಕಿ ಅಂಗಿ, ಬಾಗಿಲಲ್ಲೇ ಚಪ್ಪಲಿ ಕಳಚಿ ನಿಂತ. ಭಾಮಾಳೊಡನೆ ತಮಿಳಿನಲ್ಲೇ ಮಾತಾಡಿದ. ತಾನು ಯಾವ ಹರಕೆಯನ್ನೂ ಹೊತ್ತಿಲ್ಲವೆಂದು ಮುನಿಯಪ್ಪನ ಮೇಲೆ ಆಣೆಯಿಟ್ಟು ಹೇಳಿದ್ದಾನೆ. ಗೋಡೆಗೆ ಗುದ್ದಿದ್ದನ್ನು ಮುಚ್ಚಿಟ್ಟವನು ಇದನ್ನೂ ಮುಚ್ಚಿಡುತ್ತೀ ಎನ್ನುತ್ತಾಳೆ ತಾಯಿ. ಒಲೆ ಹಚ್ಚಿ ಮನೆಮಂದಿಗೆಲ್ಲ ಬೇಯಿಸಿ ಬಡಿಸುತ್ತಾಳೆ, ತಾನು ಮಜ್ಜಿಗೆ ಕುಡಿದು ಮಲಗುತ್ತಾಳೆ. ಕುರಿ ಹಿಂದೆ ಹೋದವಳು ನಿನ್ನೆ ಬದುವಿನ ಮೇಲೆ ಕೂತುಬಿಟ್ಟಳಂತೆ.

ಇಷ್ಟು ಹೇಳಿ ಅವನು ಲಾರಿಯನ್ನು ನೋಡಿದ. ಮೊಣಕಾಲೂರಿ ಕೂತು ಒಂದು ಕಣ್ಣು ಮುಚ್ಚಿ ಮುಂದಿನ ಗಾಜಿನೊಳಗೆ ಇಣುಕಿದ. ಬಹಳ ಹೊತ್ತು ನೋಡಿದ. ಹಯಗ್ರೀವ ಹೊಗಳಿಕೆಗಾಗಿ ಕಾದು ನಿಂತಿದ್ದನ್ನು ಭಾಮಾ ಕಂಡಳು. ಚಿತ್ರದ ಬಹುಮಾನಕ್ಕೆ ನಿಂತ ಐದನೇ ಕ್ಲಾಸಿನ ಹುಡುಗನ ಹಾಗೆ.

"ಸಾರ್, ಬ್ರೇಕ್ ಐತಲ್ಲ ಒಳ್ಗೆ," ಎಂದು ಬೈರಪ್ಪ ಈಗ ಕನ್ನಡಕ್ಕೆ ತಿರುಗಿದ, "ಅದು ಇಡೀತೈತಾ?"

"ಇಲ್ಲಪ್ಪ. ಅದು ಸುಮ್ನೆ ಅಂಟಿಸಿರೋದು."

"ಅಪ್ಪುರಂ, ಮತ್ಯಾಕ್ ಸಾರ್ ಮಡಗಿದೀರಾ?"

ಅವನು ಕೆಣಕಲು ಕೇಳಿರಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ್ದ. ಹಯಗ್ರೀವ ಕನ್ನಡಕ ತೆಗೆದು ಒರೆಸಿಕೊಂಡ. ಭಾಮಾಗೆ ತಾನು ಇಷ್ಟು ವರ್ಷ ಹುಡುಕುತ್ತಿದ್ದ ಪ್ರಶ್ನೆ ಇದೇ ಎನಿಸಿತು. ಒಂದು ಕ್ಷಣ ಖುಷಿಯೂ ಆಯಿತು.

ಆದರೂ ಅವನು ಕೊಡಲು ಒಪ್ಪಲಿಲ್ಲ. ಇನ್ನೂ ಮುಗಿದಿಲ್ಲ, ಹಿಂದಿನ ಹಲಗೆಗೆ ಸರಪಳಿ ಹಾಕಬೇಕು, ಪಕ್ಕದ ಕನ್ನಡಿ ಆಗಬೇಕು ಎಂದ. ದೇವರಿಗೆ ಬೇರೆಯದೇ ಒಂದು ಮಾಡಿಕೊಡುತ್ತೇನೆ ಎಂದ. ಎಷ್ಟು ದಿನ ಎಂದು ಬೈರಪ್ಪ ಕೇಳಿದರೆ, ಬೇಗ, ಎರಡು ವರ್ಷ ಎಂದ. ಬೈರಪ್ಪ ತಲೆ ತಗ್ಗಿಸಿ ಕೈಮುಗಿದು, ಚಪ್ಪಲಿ ಕೈಯಲ್ಲೇ ಹಿಡಿದು ಮೆಟ್ಟಿಲಿಳಿದ.

ಆ ರಾತ್ರಿಯ ಊಟದಲ್ಲಿ ಭಾಮಾ ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಿಲ್ಲ.

"ನಿಮಗದು ಮುಗಿಯೋದೇ ಬೇಕಾಗಿಲ್ಲ. ಮುಗಿದ ದಿನ ಅದೊಂದು ಆಟದ ಸಾಮಾನು ಅಂತ ನಿಮಗೇ ಗೊತ್ತಾಗಿಬಿಡುತ್ತೆ. ಅದಕ್ಕೆ ಸರಪಳಿ, ಅದಕ್ಕೆ ಕನ್ನಡಿ. ಅಲ್ಲೊಬ್ಬಳು ನಿಮ್ಮ ಸರಪಳಿಗೆ ಕಾದು ಹಸಕೊಂಡಿದ್ದಾಳೆ."

ಹಯಗ್ರೀವ ಸಾರನ್ನ ಕಲಸುತ್ತಲೇ ಇದ್ದ. ಹರಕೆ ಅಂತ ಅವಳಿಗೆ ಹೇಳಿದ್ದು ಯಾರು ಎಂದು ಮಾತ್ರ ಕೇಳಿದ. ತಪ್ಪಿನಲ್ಲಿ ತನ್ನ ಪಾಲೂ ಇದೆಯೆಂಬುದು ಭಾಮಾಳ ತಾತ್ಸಾರವನ್ನು ಕಡಿಮೆ ಮಾಡಲಿಲ್ಲ, ಇನ್ನಷ್ಟು ಚೂಪು ಮಾಡಿತು.

ಮರುದಿನ ಅವನು ಶೆವ್ವಾಪೇಟೆಯಿಂದ ಒಂದು ಮರದ ಆಟದ ಲಾರಿ ಕೊಂಡು ತಂದ. ಕೆಂಪು ಬಣ್ಣದ್ದು, ಚಕ್ರಗಳು ಬಿಸ್ಕತ್ತಿನಂಥವು. ಮುಂದಿನ ಸಂತೆಗೆ ಮುನಿಲಕ್ಷ್ಮಮ್ಮ ಬಂದಾಗ ಅದನ್ನು ಅವಳ ಮುಂದಿಟ್ಟ. ಅವಳು ತಿರುಗಿಸಿ ನೋಡಿ, ಚೆನ್ನಾಗೈತೆ ಸಾಮಿ, ಯಾವ್ದಾನ ಕೂಸಿಗೆ ಕೊಡಿ ಎಂದು ಮೆಲ್ಲಗೆ ಅವನ ಕಡೆಗೇ ಸರಿಸಿದಳು. ಆಮೇಲೆ ತಕ್ಕಡಿ ಎತ್ತಿದಳು. ತಕ್ಕಡಿಯ ಮುಳ್ಳು ನಿಲ್ಲಲಿಲ್ಲ. ಬೆಣ್ಣೆ ಸರಿಯಾಗಿಯೇ ಇತ್ತು, ಅಲುಗುತ್ತಿದ್ದದ್ದು ಹಿಡಿದ ಕೈ. ಅವಳು ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದು ನಿಲ್ಲಿಸಲು ನೋಡಿದಳು. ಎರಡೂ ಕೈ ಕೂಡಿ ಅಲುಗಿದವು. ತೂಕ ಸುಳ್ಳಾಗುತ್ತದೆಂದು ಹೆದರಿ ಅಂದಾಜಿನ ಮೇಲೆ ಇನ್ನೊಂದು ಮುದ್ದೆ ಬೆಣ್ಣೆ ಹಾಕಿದಳು.

ಹಯಗ್ರೀವ ಬಾಗಿಲ ಬಳಿ ನಿಂತು ಇದನ್ನೆಲ್ಲ ನೋಡುತ್ತಿದ್ದ. ಹಾಳಾದದ್ದನ್ನು ನೋಡುವುದೇ ಅವನ ಕಸುಬು. ಒಳಗೆ ಹೋದ. ಸಂಜೆ ಭಾಮಾ ಬೆಳ್ಳಿಪಾತ್ರೆ ಸುತ್ತಿಡುತ್ತಿದ್ದ ಹಳೆಯ ಮೆತ್ತನೆಯ ಸೀರೆ ಎಲ್ಲಿದೆ ಎಂದು ಕೇಳಿದ. ಲಾರಿ ಸುತ್ತುವುದಕ್ಕಂತೆ.

ಆನಿ ಕಳೆದು ಆಡಿ ತಿಂಗಳ ಮೊದಲ ಭಾನುವಾರ ಬೈರಪ್ಪ ನೀಲಿ ಲಾರಿಯನ್ನೇ ಮನೆಯ ಮುಂದೆ ತಂದು ನಿಲ್ಲಿಸಿದ. ಖಾಲಿ ಲಾರಿ, ಹಾರೂರಿಗೆ ಲೋಡು ತರಲು ಹೋಗುವುದು. ಮುನಿಲಕ್ಷ್ಮಮ್ಮ ಹಿಂದಿನ ಸಂಜೆಯೇ ಬಂದು ಪೇಟೆಯಲ್ಲಿ ನೆಂಟರ ಮನೆಯಲ್ಲಿ ಉಳಿದಿದ್ದಳು. ಚಾಲಕನ ಪಕ್ಕದ ಹಲಗೆಯ ಮೇಲೆ ಅವಳು, ಭಾಮಾ, ಭಾಮಾಳ ಕಾಲ ಬಳಿ ಎರಡು ಊಟದ ಡಬ್ಬಿ, ಕೊನೆಯಲ್ಲಿ ಹಯಗ್ರೀವ. ಅವನ ತೊಡೆಯ ಮೇಲೆ ಸೀರೆಯಲ್ಲಿ ಸುತ್ತಿದ ಲಾರಿ, ಎಳೆಗೂಸಿನ ಹಾಗೆ. ದೊಡ್ಡ ಲಾರಿಯೊಳಗೆ ಚಿಕ್ಕ ಲಾರಿ ಹಿಡಿದು ಕೂತ ಆ ಮನುಷ್ಯನನ್ನು ಮರವನೇರಿಯ ಬೀದಿಯೆಲ್ಲ ನೋಡಿತು. ಭಾಮಾ ಸೆರಗನ್ನು ಹಣೆಯ ತನಕ ಎಳೆದುಕೊಂಡಳು. ರಸ್ತೆಯಲ್ಲಿ ಹಳ್ಳ ಬಂದಾಗಲೆಲ್ಲ ಬೈರಪ್ಪ ಆ ಗಂಟಿನ ಕಡೆಗೊಮ್ಮೆ ನೋಡಿ ಲಾರಿಯನ್ನು ನಡಿಗೆಯಷ್ಟು ನಿಧಾನಕ್ಕೆ ಇಳಿಸುತ್ತಿದ್ದ.

ಕಣಿವೆಯ ಏರು ಶುರುವಾದಾಗ ಹಯಗ್ರೀವ ಗಂಟಲು ಸರಿಮಾಡಿಕೊಂಡ.

"ಆಫೀಸಲ್ಲಿ ನಾನು ನೋಡೋದೆಲ್ಲ ಗುದ್ದಿ ಆದ ಮೇಲಿನದು, ಭಾಮಾ. ಒಂದನ್ನಾದರೂ ಗುದ್ದೋಕೆ ಮೊದಲು ಹೇಗಿತ್ತೋ ಹಾಗೆ ನೋಡಬೇಕು ಅನ್ನಿಸ್ತು. ಅಷ್ಟೇ."

"ಹಾಗಿದ್ರೆ ಲಾರಿ ಕಂಪನಿ ಕ್ಯಾಲೆಂಡರ್ ನೇತು ಹಾಕ್ಕೋಬಹುದಿತ್ತು," ಎಂದಳು ಭಾಮಾ. "ಮೊಳೆ ಹೊಡೆಯೋಕೆ ಒಂದು ನಿಮಿಷ."

ಅವನು ಕಿಟಕಿಯ ಆಚೆ ನೋಡಿದ. ಬೈರಪ್ಪ ಗೇರು ಬದಲಿಸಿದ.

ಮುನಿಯಪ್ಪನ ಗುಡಿಯೆಂದರೆ ಗೋಡೆಯಿಲ್ಲ, ಸೂರಿಲ್ಲ. ತಿರುವಿನಲ್ಲೊಂದು ಹುಣಸೆಮರ, ಅದರ ಕೆಳಗೆ ಮೀಸೆ ತಿರುವಿ ಕೂತ ದೊಡ್ಡ ಮೂರ್ತಿ. ಸುತ್ತ ಬಿಸಿಲು ಮಳೆಗೆ ಬಿಟ್ಟ ಸಣ್ಣ ವಸ್ತುಗಳ ರಾಶಿ. ಮಣ್ಣಿನ ಕುದುರೆ, ಮಣ್ಣಿನ ನಾಯಿ, ಬೆರಳಿಲ್ಲದ ಕೈ, ಮರದ ತೊಟ್ಟಿಲು, ಎಣ್ಣೆ ಡಬ್ಬದ ತಗಡು ಬಗ್ಗಿಸಿ ಮಾಡಿದ ಲಾರಿಗಳು, ಒಂದು ಬಸ್ಸು. ಯಾವುದಕ್ಕೂ ಅಳತೆಯಿಲ್ಲ. ನಾಯಿ ಕುದುರೆಗಿಂತ ದೊಡ್ಡದು, ಲಾರಿಗಿಂತ ಅದರ ಚಕ್ರವೇ ದೊಡ್ಡದು. ಹಯಗ್ರೀವ ಅವುಗಳ ನಡುವೆ ತಿರುಗುತ್ತ ಹೋದ. ಮೂರು ವರ್ಷ ತಾನು ಮಾಡಿದ್ದನ್ನು ಈ ಕಣಿವೆಯ ಜನ ಮೂರು ಗಂಟೆಯಲ್ಲಿ ಮುಗಿಸಿ, ಇಲ್ಲಿಟ್ಟು, ಹಿಂತಿರುಗಿ ನೋಡದೆ ಹೋಗಿದ್ದರು. ಈಗಲಾದರೂ ಅವನಿಗೆ ನಾಚಿಕೆಯಾದೀತು ಎಂದು ಭಾಮಾ ನೋಡಿದಳು. ಅವನು ಒಂದು ಕುದುರೆಯ ಮುಂದೆ ನಿಂತು, ಕಾಲು ತುಂಬ ಉದ್ದವಾಯಿತು ಎಂದು ತನ್ನಷ್ಟಕ್ಕೆ ಗೊಣಗಿದ.

ಪೂಜಾರಿ ಎಲ್ಲಪ್ಪ ಕರ್ಪೂರ ಹಚ್ಚಿ ಕೈಚಾಚಿದ. ಮುನಿಲಕ್ಷ್ಮಮ್ಮ ಮರಕ್ಕೆ ಒರಗಿ ನಿಂತಿದ್ದಳು, ತುಟಿ ಒಣಗಿ ಬೆಳ್ಳಗಾಗಿತ್ತು. ಹಯಗ್ರೀವ ಸೀರೆ ಬಿಚ್ಚಿದ. ಕೊಡಲಿಲ್ಲ. ಒಂದೇ ಒಂದು ನಿಮಿಷ ಎಂದು ಕಲ್ಲಿನ ಮೇಲೆ ಕೂತ. ಜೇಬಿನಿಂದ ಪುಟ್ಟ ಇಕ್ಕಳ, ಕಾಗದದ ಪೊಟ್ಟಣ ತೆಗೆದ. ಪೊಟ್ಟಣದಲ್ಲಿ ಸರಪಳಿ, ಇರುವೆಯ ಸಾಲಿನಷ್ಟು ಸಣ್ಣದು.

ಭಾಮಾಳ ಮೈ ಉರಿದುಹೋಯಿತು. ಕರ್ಪೂರ ಉರಿದು ಮುಗಿಯಿತು. ಪೂಜಾರಿ ಇನ್ನೊಂದು ಬಿಲ್ಲೆ ಹಚ್ಚಿದ. ಬೈರಪ್ಪ ತಾಯಿಯನ್ನು ನೋಡಿದ, ಸಾರನ್ನು ನೋಡಿದ, ತಲೆ ಕೆರೆದುಕೊಂಡ. ಹಸಿದವಳು ನಿಂತಿದ್ದಾಳೆ, ಈ ಮನುಷ್ಯ ಕೊಂಡಿಯೊಳಗೆ ಕೊಂಡಿ ಸಿಕ್ಕಿಸುತ್ತಿದ್ದಾನೆ. ಯಾವ ದೇವರು ಹಿಂದಿನ ಹಲಗೆಗೆ ಬಗ್ಗಿ ಸರಪಳಿ ಎಣಿಸುತ್ತಾನೆ? ಹೇಳಬೇಕೆಂದು ಬಾಯಿ ತೆರೆದಳು. ಆದರೆ ಮುನಿಲಕ್ಷ್ಮಮ್ಮ ಅವಳ ಮೊಣಕೈ ಮುಟ್ಟಿದಳು.

"ಇರ್ಲಿ ಬಿಡಿ ಅಮ್ಮಾ. ಅರ್ಧಂಬರ್ದ ಕೊಡಬಾರ್ದು. ಸಾಮಿಗೆ ಗೊತ್ತೈತೆ."

ಗೊತ್ತಿರುವುದು ಏನು, ಯಾರಿಗೆ ಎಂದು ವಾದಿಸುವ ಜಾಗವಾಗಿರಲಿಲ್ಲ ಅದು.

ಕೊನೆಗೂ ಸರಪಳಿ ಕೂತಿತು. ಅವನು ಹಿಂದಿನ ಹಲಗೆಯನ್ನು ಒಮ್ಮೆ ಇಳಿಸಿ, ಒಮ್ಮೆ ಏರಿಸಿದ. ಬಾಗಿಲು ತೆರೆದು ಮುಚ್ಚಿದ, ಟಕ್ಕೆಂದಿತು. ಎದ್ದು ಎರಡೂ ಕೈಯಲ್ಲಿ ಹಿಡಿದು ಮುನಿಲಕ್ಷ್ಮಮ್ಮನ ಕೈಗೆ ಕೊಟ್ಟ. ಅವಳು ಅದನ್ನು ನೆತ್ತಿಗೆ ಮುಟ್ಟಿಸಿಕೊಂಡು, ಮಗನ ತಲೆಯ ಸುತ್ತ ಮೂರು ಸಲ ನಿವಾಳಿಸಿ ಪೂಜಾರಿಗೆ ದಾಟಿಸಿದಳು. ಎಲ್ಲಪ್ಪ ಬೆರಳು ತುಂಬ ಕುಂಕುಮ ತೆಗೆದು ನವಿಲಿನ ಮೇಲೆಯೇ ಬಳಿದ. ಮೂರ್ತಿಯ ಪಾದದ ಬಳಿ ಬೆರಳಿಲ್ಲದ ಕೈಗೂ ತಗಡಿನ ಬಸ್ಸಿಗೂ ನಡುವೆ ಜಾಗ ಮಾಡಿ, ಕಾಲಿನಿಂದ ಒಂದು ಮಣ್ಣುನಾಯಿಯನ್ನು ಸರಿಸಿ, ಅಲ್ಲಿ ತುರುಕಿದ. ಪಕ್ಕದ ಕನ್ನಡಿ ಹಾಕುವುದು ಉಳಿದೇ ಹೋಯಿತು.

ತಾಯಿ ಮಗ ಉದ್ದಂಡ ನಮಸ್ಕಾರ ಹಾಕಿದರು. ಎದ್ದಾಗ ಮುನಿಲಕ್ಷ್ಮಮ್ಮನ ಮುಖ ತೊಳೆದಿಟ್ಟ ಹಾಗಿತ್ತು. ಹಯಗ್ರೀವ ಒಮ್ಮೆ ಮಾತ್ರ ತಿರುಗಿ ನೋಡಿದ, ಆಮೇಲೆ ದೊಡ್ಡ ಲಾರಿಯ ಹತ್ತಿರ ಹೋಗಿ ಅದರ ಹಿಂದಿನ ಹಲಗೆಯ ಬೋಲ್ಟುಗಳನ್ನು ಬೆರಳಿಟ್ಟು ಎಣಿಸಿದ. ಮುಂದಿನ ಭಾನುವಾರ ಮನೆಯಲ್ಲಿ ಮತ್ತೆ ತೊಗಲಿನ ಅಂಟು ಕುದಿಯುತ್ತದೆ, ಬಚ್ಚಲಿನ ಚಿಲಕ ಹಾಗೆಯೇ ಇರುತ್ತದೆ ಎಂಬುದು ಭಾಮಾಗೆ ಅಲ್ಲೇ ಖಾತ್ರಿಯಾಯಿತು. ಇವರಿಗೆ ಬುದ್ಧಿ ಬರುವುದಿಲ್ಲ. ಇದು ರೋಗವಾಗಿದ್ದರೆ ಔಷಧವಿರುತ್ತಿತ್ತು.

ಮಧ್ಯಾಹ್ನವಾಗಿತ್ತು. ಊರು ಇನ್ನೂ ಕಣಿವೆಯ ಆಚೆಗಿತ್ತು. ಮನೆಗೆ ಹೋಗಿ ಒಲೆ ಹಚ್ಚಿ ರಾಗಿ ಹಿಟ್ಟು ತೊಳಸಿಕೊಂಡು ಉಣ್ಣುತ್ತೇನೆ ಎಂದು ಮುನಿಲಕ್ಷ್ಮಮ್ಮ ಲಾರಿಯ ಚಕ್ರದ ನೆರಳಿನಲ್ಲಿ ಕೂತಿದ್ದಳು. ಬೈರಪ್ಪ ಇಂಜಿನ್ನಿಗೆ ನೀರು ತರಲು ತೊರೆಗೆ ಇಳಿದಿದ್ದ. ಭಾಮಾ ಮರದ ಕೆಳಗೆ ಡಬ್ಬಿಗಳನ್ನು ಬಿಚ್ಚಿದಳು. ಎರಡೇ ಎರಡು ತಂದಿದ್ದಳು, ಅವನಿಗೊಂದು ತನಗೊಂದು. ಎರಡರಲ್ಲೂ ಮೊಸರನ್ನ, ಮೇಲೆ ಒಂದೊಂದು ಹೋಳು ಮಾವಿನಹಣ್ಣು. ಮೂರನೆಯವಳ ಹಸಿವನ್ನು ವಾರಗಟ್ಟಲೆ ಬಾಯಲ್ಲಿ ಹೊತ್ತು ತಿರುಗಿದವಳು ಡಬ್ಬಿ ಕಟ್ಟುವಾಗ ಅವಳನ್ನು ಮರೆತಿದ್ದಳು. ತನ್ನದನ್ನೇ ಪಾಲು ಮಾಡೋಣವೆಂದು ಅವಳು ಎಲೆಗಾಗಿ ಸುತ್ತ ನೋಡುತ್ತಿದ್ದಳು.

ಅಷ್ಟರಲ್ಲಿ ಹಯಗ್ರೀವ ತೊರೆಯಲ್ಲಿ ಕೈ ತೊಳೆದು ಬಂದ. ತನ್ನ ಡಬ್ಬಿಯನ್ನು ಎತ್ತಿಕೊಂಡ. ಅದರ ಹೊರಮೈಗೆ ಅಂಟಿದ್ದ ಮಣ್ಣನ್ನು ಪಂಚೆಯ ಅಂಚಿನಿಂದ ಒರೆಸಿದ. ಪಕ್ಕಕ್ಕೆ ಜಾರಿದ್ದ ಮಾವಿನ ಹೋಳನ್ನು ಮುಚ್ಚಳದಿಂದ ತಳ್ಳಿ ಅನ್ನದ ನಡುಮಧ್ಯಕ್ಕೆ ತಂದಿಟ್ಟ. ಲಾರಿಯ ಚಕ್ರದ ಬಳಿ ಹೋಗಿ, ಬಗ್ಗಿ ಅದನ್ನು ಮುನಿಲಕ್ಷ್ಮಮ್ಮನ ಎರಡೂ ಕೈಗಳ ನಡುವೆ ಇಟ್ಟ. ಅವಳ ಕೈ ನಡುಗುವುದು ನಿಲ್ಲುವ ತನಕ ಡಬ್ಬಿಯ ತಳಕ್ಕೆ ತನ್ನ ಅಂಗೈ ಕೊಟ್ಟು ಹಿಡಿದಿದ್ದ.